ಚಪ್ಪಲಿ ಹೊರಗೆ ಬಿಟ್ಟರೂ ವೈರಸ್ ಒಳಗೆ ಬಂತು!

ಮಕ್ಕಳೇ,

ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಇದ್ದರೆ ಅದರ ಬಾಗಿಲಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂಬ ಫಲಕ ಇರಬಹುದು. ಕೆಲವು ವರ್ಷಗಳ ಹಿಂದೆ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದಾಗ 7ನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಮಿಸ್, ನಾವು ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಿಲ್ಲ. ದಿನಾ ಧೂಳು ಒರೆಸುತ್ತೇವೆ. ಆದರೂ ನಮ್ಮ ಕಂಪ್ಯೂಟರಿಗೆ ವೈರಸ್ ಹೇಗೆ ಬಂತು?"

ಪಕ್ಕದಲ್ಲಿದ್ದ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಉತ್ತರ ನನಗೆ ಗೊತ್ತಿತ್ತು. ಆ ವೈರಸ್ಸನ್ನು ಅಲ್ಲಿಗೆ ತಂದದ್ದು ನಾನೇ!

ನಡೆದದ್ದೇನು?

ಆ ಶಾಲೆಯ ಮಕ್ಕಳು ಪ್ಲಾಸ್ಟಿಕ್ ಬಾಟಲಿಯಿಂದ ಮಳೆಮಾಪಕ ಮಾಡಿದ್ದರು. ಜೂನ್ 1ರಿಂದ ನವೆಂಬರ್ 30ರವರೆಗೆ ಪ್ರತಿದಿನ ಬೆಳಿಗ್ಗೆ ಅಳತೆ ತೆಗೆದರು. ಭಾನುವಾರ ಶಾಲೆಯ ಹತ್ತಿರದ ಮನೆಯ ಮಕ್ಕಳು ಬಂದು ಅಳೆಯುತ್ತಿದ್ದರು. ಆಗಸ್ಟ್ ಮುಗಿಯುವವರೆಗೆ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದರು. ಆಮೇಲೆ 'ಕಂಪ್ಯೂಟರ್ ಇದೆಯಲ್ಲ, ಎರಡು ಕಡೆ ಏಕೆ ಬರೆಯಬೇಕು' ಎಂದು ನೋಟ್‌ಬುಕ್ ಬಿಟ್ಟರು. ಎಲ್ಲ ಅಂಕಿಗಳೂ ಶಾಲೆಯ ಪೆನ್‌ಡ್ರೈವಿನಲ್ಲಿ 'ಮಳೆ' ಎಂಬ ಫೋಲ್ಡರಿನಲ್ಲಿದ್ದವು.

ಡಿಸೆಂಬರ್ ಮೊದಲ ವಾರ ನಾನು ವಿಜ್ಞಾನ ವಸ್ತುಪ್ರದರ್ಶನಕ್ಕೆ ಬೇಕಾದ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶಾಲೆಯಿಂದ ಶಾಲೆಗೆ ಸುತ್ತುತ್ತಿದ್ದೆ. ಎರಡು ವಾರಗಳಲ್ಲಿ 7 ಶಾಲೆ. ಹೊರಡುವ ಮುನ್ನ ಪಟ್ಟಣದ ಒಂದು ಅಂಗಡಿಯಲ್ಲಿ ಕೆಲವು ಹಾಳೆ ಮುದ್ರಿಸಿಕೊಂಡಿದ್ದೆ. ಅಲ್ಲಿಂದಲೇ ನನ್ನ ಪೆನ್‌ಡ್ರೈವಿಗೆ ವೈರಸ್ ಹತ್ತಿತ್ತು. ನನಗೆ ತಿಳಿಯಲಿಲ್ಲ. ಏಳೂ ಶಾಲೆಗಳ ಕಂಪ್ಯೂಟರಿಗೆ ಅದನ್ನು ಚುಚ್ಚಿದೆ.

ಅದು 'ಶಾರ್ಟ್‌ಕಟ್ ವೈರಸ್' ಎಂದು ಜನ ಕರೆಯುವ ಜಾತಿಯದು. ಅದರ ಕೆಲಸ ಹೀಗೆ: ಪೆನ್‌ಡ್ರೈವಿನಲ್ಲಿರುವ ನಿಜವಾದ ಫೋಲ್ಡರುಗಳಿಗೆಲ್ಲ 'ಮರೆಯಲ್ಲಿರು' ಎಂಬ ಗುರುತು ಹಾಕುತ್ತದೆ. ಅವು ಕಣ್ಣಿಗೆ ಕಾಣುವುದಿಲ್ಲ. ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ನೀವು 'ಮಳೆ' ಎಂಬುದರ ಮೇಲೆ ಎರಡು ಸಲ ಒತ್ತಿದರೆ ಮೊದಲು ವೈರಸ್ ಓಡುತ್ತದೆ, ನಂತರ ಫೋಲ್ಡರ್ ತೆರೆಯುತ್ತದೆ. ಫೋಲ್ಡರ್ ತೆರೆಯಿತಲ್ಲ ಎಂದು ನೀವು ಸುಮ್ಮನಾಗುತ್ತೀರಿ. ಅಷ್ಟರಲ್ಲಿ ವೈರಸ್ ಕಂಪ್ಯೂಟರಿನೊಳಗೆ ಕುಳಿತು, ಮುಂದೆ ಚುಚ್ಚುವ ಪ್ರತಿ ಪೆನ್‌ಡ್ರೈವಿಗೂ ಕಾಯುತ್ತದೆ.

ಶಾಲೆಯಲ್ಲಿ ಯಾರೋ ಆ ಶಾರ್ಟ್‌ಕಟ್‌ಗಳನ್ನು ಅಳಿಸಿದರು. ಪೆನ್‌ಡ್ರೈವ್ ಖಾಲಿಯಾಗಿ ಕಂಡಿತು. 'ಕೆಟ್ಟುಹೋಗಿದೆ, ಫಾರ್ಮ್ಯಾಟ್ ಮಾಡಿ' ಎಂದು ಇನ್ಯಾರೋ ಸಲಹೆ ಕೊಟ್ಟರು. ಮಾಡಿದರು. ಅದರ ಮೇಲೆ ಕ್ರೀಡಾಕೂಟದ ಫೋಟೋಗಳನ್ನು ತುಂಬಿದರು. ನಾನು ಮತ್ತೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಕ್ಕಳೇ, ಫಾರ್ಮ್ಯಾಟ್ ಮಾಡುವ ಮುನ್ನ ಒಂದೇ ಒಂದು ಸಂಗತಿ ಗಮನಿಸಿದ್ದರೆ ಸಾಕಿತ್ತು. ಪೆನ್‌ಡ್ರೈವ್ ಖಾಲಿ ಎಂದು ಕಾಣುತ್ತಿದ್ದರೂ ಅದರಲ್ಲಿ ಎಷ್ಟು ಜಾಗ ತುಂಬಿದೆ ಎಂದು ಕಂಪ್ಯೂಟರ್ ತೋರಿಸುತ್ತದೆ. ಮುಚ್ಚಿದ ಡಬ್ಬಿ ಎತ್ತಿದಾಗ ಭಾರವಿದ್ದರೆ ಅದು ಖಾಲಿಯಲ್ಲ ತಾನೇ? ವೈರಸ್ 'ಮಳೆ' ಫೋಲ್ಡರನ್ನು ಅಳಿಸಿರಲಿಲ್ಲ, ಬಚ್ಚಿಟ್ಟಿತ್ತು ಅಷ್ಟೆ. ಅಳಿಸಿದ್ದು ನಮ್ಮ ಗಾಬರಿ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳ 91 ದಿನಗಳ ಅಳತೆ ಹೋಯಿತು. ಬಿದ್ದು ಹೋದ ಮಳೆಯನ್ನು ಮತ್ತೆ ಅಳೆಯಲು ಬರುವುದಿಲ್ಲ.

ಈ ಪಾಠವನ್ನು ಆ ಮಕ್ಕಳಿಗೆ ಹೇಳಿದ್ದೆ. ಇಂದು ನಿಮಗೂ ಹೇಳುತ್ತೇನೆ.

ಕಂಪ್ಯೂಟರ್ ವೈರಸ್ ಎಂದರೇನು?

ಮೊದಲು ಒಂದು ಮಾತು. ಕಂಪ್ಯೂಟರ್ ವೈರಸ್ ಕ್ರಿಮಿಯಲ್ಲ. ಧೂಳಿನಿಂದ ಬರುವುದಿಲ್ಲ. ಚಪ್ಪಲಿಗೆ ಅಂಟಿ ಬರುವುದಿಲ್ಲ. ನಮಗೆ ನೆಗಡಿ ಬಂದರೆ ಕಂಪ್ಯೂಟರಿಗೆ ಹರಡುವುದಿಲ್ಲ. ಅದರ ವೈರಸ್ ನಮಗೆ ಹರಡುವುದಿಲ್ಲ. ಚಪ್ಪಲಿ ಬಿಡಿಸುವುದು ಧೂಳು ಯಂತ್ರದೊಳಗೆ ಸೇರಿ ಅದು ಬಿಸಿಯಾಗದಿರಲಿ ಎಂಬುದಕ್ಕಾಗಿ.

ಕಂಪ್ಯೂಟರ್ ತಾನಾಗಿ ಏನನ್ನೂ ಯೋಚಿಸುವುದಿಲ್ಲ. ಬರೆದಿಟ್ಟ ಆಜ್ಞೆಗಳನ್ನು ಒಂದರ ನಂತರ ಒಂದರಂತೆ ಪಾಲಿಸುತ್ತದೆ. ಇಂಥ ಆಜ್ಞೆಗಳ ಪಟ್ಟಿಯೇ ಪ್ರೋಗ್ರಾಂ. ಚಿತ್ರ ಬಿಡಿಸುವುದು, ಲೆಕ್ಕ ಮಾಡುವುದು, ಹಾಡು ಕೇಳಿಸುವುದು ಎಲ್ಲವೂ ಪ್ರೋಗ್ರಾಂಗಳೇ. ವೈರಸ್ ಕೂಡ ಒಂದು ಪ್ರೋಗ್ರಾಂ. ಅದನ್ನೂ ಮನುಷ್ಯರೇ ಬರೆದಿರುತ್ತಾರೆ. ಆದರೆ ಅದರ ಆಜ್ಞೆಗಳಲ್ಲಿ ಒಂದು ವಿಶೇಷ ಆಜ್ಞೆ ಇರುತ್ತದೆ: 'ನನ್ನಂಥದೇ ಇನ್ನೊಂದು ಪ್ರತಿ ಮಾಡು.'

ಇದು ವಿಚಿತ್ರ ಎನಿಸುತ್ತದೆಯೇ? ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ. ಹಿಂದೆ ಮನೆಗೆ ಕೆಲವೊಮ್ಮೆ ಹೆಸರಿಲ್ಲದ ಅಂಚೆ ಕಾರ್ಡು ಬರುತ್ತಿತ್ತು. 'ಇದನ್ನು ಇಷ್ಟು ಜನರಿಗೆ ಬರೆದು ಕಳಿಸಿದರೆ ಒಳ್ಳೆಯದಾಗುತ್ತದೆ, ಹರಿದು ಹಾಕಿದರೆ ಕೇಡಾಗುತ್ತದೆ' ಎಂದು ಅದರಲ್ಲಿ ಬರೆದಿರುತ್ತಿತ್ತು. ಕಾರ್ಡಿಗೆ ಕೈಕಾಲಿಲ್ಲ. ಆದರೂ ಅದು ಊರೂರು ತಿರುಗುತ್ತಿತ್ತು. ಹೇಗೆ? ಓದಿದವರು ಹೆದರಿ, ತಮ್ಮ ಕೈಯಿಂದ, ತಮ್ಮ ಕಾಸಿನಿಂದ ಅದನ್ನು ಪ್ರತಿ ಮಾಡುತ್ತಿದ್ದರು. ಕಂಪ್ಯೂಟರ್ ವೈರಸ್ ಈ ಕಾರ್ಡಿನ ಹಾಗೆ. ವ್ಯತ್ಯಾಸ ಇಷ್ಟೇ: ನಾವು ಕಾರ್ಡನ್ನು ಓದಿ ನಕ್ಕು ಹರಿಯಬಹುದು, ಕಂಪ್ಯೂಟರಿಗೆ ಹಾಗೆ ನಗಲು ಬರುವುದಿಲ್ಲ. ಓಡಿಸಿದ ಆಜ್ಞೆಯನ್ನು ಅದು ಪಾಲಿಸುತ್ತದೆ.

ಈಗ ಒಂದು ಲೆಕ್ಕ. ಕಾರ್ಡು ಬಂದ ಪ್ರತಿಯೊಬ್ಬರೂ 10 ಜನ ಹೊಸಬರಿಗೆ ಬರೆದರು ಎನ್ನೋಣ. 1ನೇ ಸುತ್ತಿನಲ್ಲಿ 10 ಕಾರ್ಡು. 2ನೇ ಸುತ್ತಿನಲ್ಲಿ 100. 5ನೇ ಸುತ್ತಿನಲ್ಲಿ 1 ಲಕ್ಷ. 8ನೇ ಸುತ್ತಿನಲ್ಲಿ 10 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಎಂಟೇ ಸುತ್ತಿನಲ್ಲಿ ಕಾರ್ಡಿನ ಸಂಖ್ಯೆ ನಮ್ಮ ರಾಜ್ಯದ ಜನರನ್ನೂ ಮೀರಿತು! ಕಾರ್ಡಿನ ಒಂದು ಸುತ್ತಿಗೆ ವಾರ ಬೇಕು. ಕಂಪ್ಯೂಟರಿಗೆ ಕೆಲವು ಕ್ಷಣ ಸಾಕು.

ಇದೇ ಕುಟುಂಬದಲ್ಲಿ ಬೇರೆ ಬೇರೆ ಜಾತಿಗಳಿವೆ. ಇನ್ನೊಂದು ಫೈಲಿಗೆ ಅಂಟಿಕೊಂಡು ಹರಡುವುದು ವೈರಸ್. ಯಾವ ಫೈಲಿಗೂ ಅಂಟದೆ ತಾನೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿದಾಡುವುದು ವರ್ಮ್, ಅಂದರೆ ಹುಳು. ನಿಜ ಹೇಳಬೇಕೆಂದರೆ ನಮ್ಮ ಶಾರ್ಟ್‌ಕಟ್ ವೈರಸ್ ಈ ಹುಳುವಿನ ಗುಂಪಿನದೇ. ಆಟವೆಂದೋ ಹಾಡೆಂದೋ ಒಳ್ಳೆಯ ವೇಷ ಹಾಕಿಕೊಂಡು ನಾವೇ ಒಳಗೆ ಕರೆಯುವಂತೆ ಮಾಡುವುದು ಟ್ರೋಜನ್. ನಮ್ಮ ಫೈಲುಗಳಿಗೆ ಬೀಗ ಹಾಕಿ 'ಹಣ ಕೊಟ್ಟರೆ ಕೀಲಿ ಕೊಡುತ್ತೇನೆ' ಎನ್ನುವುದು ರ‍್ಯಾನ್ಸಮ್‌ವೇರ್. ಮಾತಿನಲ್ಲಿ ಜನ ಎಲ್ಲವನ್ನೂ ವೈರಸ್ ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಸ್ವಲ್ಪ ಇತಿಹಾಸ

1971ರಲ್ಲಿ ಅಮೆರಿಕದ ಬಾಬ್ ಥಾಮಸ್ ಎಂಬುವರು 'ಕ್ರೀಪರ್' ಎಂಬ ಪ್ರೋಗ್ರಾಂ ಬರೆದರು. ಅದು ಅರ್ಪಾನೆಟ್ ಎಂಬ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಿ 'ಸಾಧ್ಯವಾದರೆ ಹಿಡಿ' ಎಂಬರ್ಥದ ಸಂದೇಶ ತೋರಿಸುತ್ತಿತ್ತು. ಕೇಡು ಮಾಡುತ್ತಿರಲಿಲ್ಲ. ಅದನ್ನು ಹುಡುಕಿ ಅಳಿಸಲು 'ರೀಪರ್' ಎಂಬ ಇನ್ನೊಂದು ಪ್ರೋಗ್ರಾಂ ಬಂತು. ಕಳ್ಳನೂ ಪೊಲೀಸನೂ ಜೊತೆಯಲ್ಲೇ ಹುಟ್ಟಿದರು ಎನ್ನಬಹುದು.

1983ರಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ ತನ್ನನ್ನೇ ಪ್ರತಿ ಮಾಡಿಕೊಳ್ಳುವ ಪ್ರೋಗ್ರಾಂ ಬರೆದು ಪರೀಕ್ಷೆ ಮಾಡಿ ತೋರಿಸಿದರು. ಅದಕ್ಕೆ ವೈರಸ್ ಎಂದು ಹೆಸರು ಸೂಚಿಸಿದವರು ಅವರ ಗುರು ಲಿಯೊನಾರ್ಡ್ ಏಡಲ್‌ಮನ್. ಜೀವಿಗಳ ವೈರಸ್ ತಾನಾಗಿ ಬೆಳೆಯಲಾರದು. ಜೀವಕೋಶದೊಳಗೆ ಹೊಕ್ಕು, ಅಲ್ಲಿನ ವ್ಯವಸ್ಥೆಯನ್ನೇ ಬಳಸಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕೋಹೆನ್ ಅವರ ಪ್ರೋಗ್ರಾಂ ಬೇರೆ ಪ್ರೋಗ್ರಾಂಗಳೊಳಗೆ ಸೇರಿ ಹಾಗೆಯೇ ಮಾಡುತ್ತಿತ್ತು. ಹೆಸರು ಎಷ್ಟು ಸರಿಯಾಗಿ ಹೊಂದಿತು ನೋಡಿ!

1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ, 'ಬ್ರೇನ್' ಎಂಬ ವೈರಸ್ ಬರೆದರು. ಐಬಿಎಂ ಬಗೆಯ ಪರ್ಸನಲ್ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಅದು ಹೆಸರಾಗಿದೆ. ತಮ್ಮ ವೈದ್ಯಕೀಯ ತಂತ್ರಾಂಶವನ್ನು ಜನ ಅನುಮತಿಯಿಲ್ಲದೆ ನಕಲು ಮಾಡುವುದನ್ನು ತಡೆಯಲು ಹಾಗೆ ಮಾಡಿದೆವು ಎಂದು ಅವರು ಹೇಳಿದ್ದಾರೆ. ತಮಾಷೆ ಎಂದರೆ, ವೈರಸ್ಸಿನೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು! ಅದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಸಮುದ್ರ ದಾಟಿತು. ದೂರದ ದೇಶಗಳಿಂದ ಅವರಿಗೆ ಫೋನ್ ಬರತೊಡಗಿತು. ಅಂದು ಫ್ಲಾಪಿ, ನನ್ನ ಕಾಲಕ್ಕೆ ಪೆನ್‌ಡ್ರೈವ್. ಹೊತ್ತೊಯ್ಯುವವರು ಮಾತ್ರ ಎರಡೂ ಕಾಲದಲ್ಲಿ ಮನುಷ್ಯರೇ.

ಆಂಟಿವೈರಸ್ ಹೇಗೆ ಹಿಡಿಯುತ್ತದೆ?

ಆಂಟಿವೈರಸ್ ಕೂಡ ಒಂದು ಪ್ರೋಗ್ರಾಂ. ಅದು ಬಾಗಿಲಲ್ಲಿ ಕುಳಿತ ಕಾವಲುಗಾರ. ನೀವು ಯಾವುದೇ ಫೈಲನ್ನು ತೆರೆಯಲು ಹೋದಾಗ, ಅದು ತೆರೆಯುವ ಮುನ್ನವೇ ಒಮ್ಮೆ ತಡೆದು ಪರೀಕ್ಷಿಸುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲ ದಾರಿ: ಗುರುತು ಹಿಡಿಯುವುದು

ಕಂಪ್ಯೂಟರಿನ ಪ್ರತಿ ಫೈಲೂ ಒಳಗೆ ಸಂಖ್ಯೆಗಳ ಸಾಲು. ಒಂದೊಂದು ಸಂಖ್ಯೆಗೆ ಒಂದು ಬೈಟ್ ಎಂದು ಹೆಸರು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಯಾವುದಾದರೂ ಸಂಖ್ಯೆ ಇರಬಹುದು. ಹೊಸ ವೈರಸ್ ಸಿಕ್ಕಾಗ ತಜ್ಞರು ಅದನ್ನು ಬಿಡಿಸಿ ನೋಡಿ, ಆ ವೈರಸ್ಸಿನಲ್ಲಿ ಮಾತ್ರ ಕಾಣುವ ಸಂಖ್ಯೆಗಳ ಒಂದು ತುಣುಕನ್ನು ಆರಿಸುತ್ತಾರೆ. ಇದು ಆ ವೈರಸ್ಸಿನ ಬೆರಳಚ್ಚು. ಇದನ್ನು 'ಸಿಗ್ನೇಚರ್', ಅಂದರೆ ಸಹಿ ಎನ್ನುತ್ತಾರೆ. ಆಂಟಿವೈರಸ್ಸಿನ ಬಳಿ ಇಂಥ ಸಹಿಗಳ ದೊಡ್ಡ ಪುಸ್ತಕವಿರುತ್ತದೆ. ಫೈಲಿನಲ್ಲಿ ಯಾವುದಾದರೂ ಸಹಿ ಕಂಡರೆ 'ನಿಲ್ಲು' ಎನ್ನುತ್ತದೆ.

ಸಹಿ ಎಷ್ಟು ಉದ್ದವಿರಬೇಕು? ಯೋಚಿಸಿ. 'ಕಳ್ಳನ ಹೆಸರು ರಾ ಅಕ್ಷರದಿಂದ ಶುರುವಾಗುತ್ತದೆ' ಎಂದಷ್ಟೇ ಹೇಳಿದರೆ ಊರಿನ ರಾಮಣ್ಣ, ರಾಜಮ್ಮ, ರಾಘು ಎಲ್ಲರನ್ನೂ ಹಿಡಿಯಬೇಕಾಗುತ್ತದೆ. ಹಾಗೆಯೇ ಸಹಿ 2 ಬೈಟ್ ಮಾತ್ರ ಇದ್ದರೆ 256 × 256 = 65,536 ಬಗೆಗಳಷ್ಟೇ ಸಾಧ್ಯ. ಒಂದು ಎಂಬಿಯ ಫೈಲಿನಲ್ಲಿ 10,48,576 ಬೈಟ್‌ಗಳಿವೆ. ಅವು ಹೇಗೆಂದರೆ ಹಾಗೆ ಜೋಡಣೆಯಾಗಿದ್ದರೆ ಆ 2 ಬೈಟ್‌ಗಳ ಸಹಿ ಸುಮ್ಮನೆ ಆಕಸ್ಮಿಕವಾಗಿಯೇ ಸುಮಾರು 16 ಕಡೆ ಕಾಣಿಸುತ್ತದೆ. 4 ಬೈಟ್ ಆದರೆ 429 ಕೋಟಿಗೂ ಹೆಚ್ಚು ಬಗೆ. 16 ಬೈಟ್ ಆದರೆ ಆ ಸಂಖ್ಯೆಯಲ್ಲಿ 39 ಅಂಕಿಗಳಿರುತ್ತವೆ! ಉದ್ದ ಹೆಚ್ಚಿದಷ್ಟೂ ನಿರಪರಾಧಿಯನ್ನು ಹಿಡಿಯುವ ಸಂಭವ ಕಡಿಮೆ.

ಆದರೂ ತಪ್ಪು ಆಗುತ್ತದೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಎಂಬ ಆಂಟಿವೈರಸ್ಸಿಗೆ ಬಂದ ಹೊಸ ಸಹಿಗಳಲ್ಲಿ ಒಂದು ದೋಷವಿತ್ತು. ಅದು ವಿಂಡೋಸ್ ಎಕ್ಸ್‌ಪಿಗೆ ಅತ್ಯಗತ್ಯವಾದ ಒಂದು ಒಳ್ಳೆಯ ಫೈಲನ್ನೇ ವೈರಸ್ ಎಂದು ತಿಳಿದು ಹಿಡಿದಿಟ್ಟಿತು. ಸಾವಿರಾರು ಕಂಪ್ಯೂಟರುಗಳು ಮತ್ತೆ ಮತ್ತೆ ತಾವಾಗಿಯೇ ಆರಿ ಹೊತ್ತತೊಡಗಿದವು. ಕಾವಲುಗಾರನೇ ಮನೆಯ ಯಜಮಾನನನ್ನು ಕಟ್ಟಿಹಾಕಿದಂತಾಯಿತು!

ಸಹಿಯ ದಾರಿಗೆ ಇನ್ನೊಂದು ಕೊರತೆಯಿದೆ. ಪುಸ್ತಕದಲ್ಲಿ ಇರುವ ಕಳ್ಳನನ್ನು ಮಾತ್ರ ಅದು ಹಿಡಿಯಬಲ್ಲದು. ಇಂದು ಬೆಳಿಗ್ಗೆ ಹುಟ್ಟಿದ ವೈರಸ್ಸಿನ ಸಹಿ ನಿನ್ನೆಯ ಪುಸ್ತಕದಲ್ಲಿ ಇರುವುದಿಲ್ಲ. ಪ್ರತಿ ಸಲ ಪ್ರತಿ ಮಾಡಿಕೊಳ್ಳುವಾಗಲೂ ತನ್ನ ರೂಪವನ್ನು ಸ್ವಲ್ಪ ಬದಲಿಸಿಕೊಳ್ಳುವ ವೈರಸ್ಸುಗಳೂ ಇವೆ. ಆದ್ದರಿಂದಲೇ ಎರಡನೆಯ ದಾರಿ ಬೇಕಾಯಿತು.

ಎರಡನೆಯ ದಾರಿ: ನಡತೆ ನೋಡುವುದು

ಊರಿಗೆ ಅಪರಿಚಿತನೊಬ್ಬ ಬಂದ ಎನ್ನೋಣ. ಅವನ ಮುಖ ಯಾರಿಗೂ ಗೊತ್ತಿಲ್ಲ. ಆದರೆ ನಡುರಾತ್ರಿ ಮನೆಮನೆಯ ಚಿಲಕ ಮುಟ್ಟಿ ನೋಡುತ್ತಿದ್ದಾನೆ. ನೀವು ಸುಮ್ಮನಿರುತ್ತೀರಾ? ಮುಖ ಗೊತ್ತಿಲ್ಲದಿದ್ದರೂ ನಡತೆ ಹೇಳುತ್ತದೆ.

ಆಂಟಿವೈರಸ್ ಕೂಡ ಪ್ರೋಗ್ರಾಂ ಏನು ಮಾಡುತ್ತಿದೆ ಎಂದು ಗಮನಿಸುತ್ತದೆ. ಚುಚ್ಚಿದ ಪ್ರತಿ ಪೆನ್‌ಡ್ರೈವಿಗೂ ತನ್ನ ಪ್ರತಿ ಹಾಕುತ್ತಿದೆಯೇ? ಫೋಲ್ಡರುಗಳನ್ನು ಮರೆಮಾಡುತ್ತಿದೆಯೇ? ನಿಮಿಷಕ್ಕೆ ನೂರಾರು ಫೈಲುಗಳನ್ನು ಬದಲಿಸುತ್ತಿದೆಯೇ? ಕಾವಲುಗಾರನನ್ನೇ ನಿದ್ದೆ ಮಾಡಿಸಲು ಹೊರಟಿದೆಯೇ? ಇಂಥ ಒಂದೊಂದಕ್ಕೂ ಅನುಮಾನದ ಅಂಕ ಕೊಡುತ್ತದೆ. ಅಂಕ ಮಿತಿ ಮೀರಿದರೆ ತಡೆಯುತ್ತದೆ. ಕೆಲವೊಮ್ಮೆ ಅನುಮಾನ ಬಂದ ಪ್ರೋಗ್ರಾಂ ಅನ್ನು ನಿಜವಾದ ಫೈಲುಗಳಿಲ್ಲದ ಒಂದು ಹುಸಿ ಕೋಣೆಯಲ್ಲಿ ಓಡಿಸಿ ನೋಡುವುದೂ ಉಂಟು. ಇದಕ್ಕೆ 'ಸ್ಯಾಂಡ್‌ಬಾಕ್ಸ್', ಮರಳಿನ ಪೆಟ್ಟಿಗೆ, ಎಂದು ಹೆಸರು.

ಹಿಡಿದ ಮೇಲೆ?

2020ರಲ್ಲಿ ಕ್ವಾರಂಟೈನ್ ಎಂಬ ಪದ ನಮ್ಮ ಹಳ್ಳಿಹಳ್ಳಿಗೂ ತಿಳಿಯಿತು. ಆಂಟಿವೈರಸ್ ಈ ಪದವನ್ನು ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಬಳಸುತ್ತಿದೆ. ಅನುಮಾನದ ಫೈಲನ್ನು ಕೂಡಲೇ ಸುಡುವುದಿಲ್ಲ. ಅದು ಓಡಲಾರದಂತೆ ರೂಪ ಬದಲಿಸಿ ಬೇರೆ ಜಾಗದಲ್ಲಿ ಇಡುತ್ತದೆ. ಏಕೆ? ಈಗ ತಾನೇ ನೋಡಿದೆವಲ್ಲ, ನಿರಪರಾಧಿಯೂ ಸಿಕ್ಕಿಬೀಳಬಹುದು. ತಪ್ಪು ಎಂದು ತಿಳಿದರೆ ಬಿಡಿಸಿ ತರಬೇಕಲ್ಲ! ನಾವು ಫಾರ್ಮ್ಯಾಟ್ ಮಾಡಿದ ದಿನ ಈ ತಾಳ್ಮೆ ನಮ್ಮಲ್ಲಿರಲಿಲ್ಲ.

ನಿಮಗೆ ಗೊತ್ತೇ?

ಶಾಲೆಯಲ್ಲಿ ಬೆಂಕಿ ಅಣಕು ಪ್ರದರ್ಶನ ಮಾಡುವಂತೆ ಆಂಟಿವೈರಸ್ಸನ್ನು ಪರೀಕ್ಷಿಸಲೂ ಒಂದು ಅಣಕು ವೈರಸ್ ಇದೆ. 'ಐಕಾರ್' ಪರೀಕ್ಷಾ ಫೈಲ್ ಎಂದು ಅದರ ಹೆಸರು. ಅದು 68 ಅಕ್ಷರಗಳ ಒಂದು ಸಾಲು ಮಾತ್ರ. ಯಾವ ಕೇಡೂ ಮಾಡುವುದಿಲ್ಲ. ಆದರೂ ಅದನ್ನು ಕಂಡರೆ ವೈರಸ್ ಕಂಡಂತೆ ಕೂಗಬೇಕೆಂದು ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ನಿಜವಾದ ಕಳ್ಳನಿಲ್ಲದೆಯೇ ತಿಳಿಯಬಹುದು.

ಎಲ್ಲ ವೈರಸ್ಸನ್ನೂ ಹಿಡಿಯುವ ಆಂಟಿವೈರಸ್ ಸಾಧ್ಯವೇ?

ಈ ಪ್ರಶ್ನೆಗೆ ಫ್ರೆಡ್ ಕೋಹೆನ್ 1984ರಲ್ಲಿಯೇ ಉತ್ತರ ಕೊಟ್ಟರು: ಸಾಧ್ಯವಿಲ್ಲ. 'ಇನ್ನೂ ಕಂಡುಹಿಡಿದಿಲ್ಲ' ಎಂದಲ್ಲ, 'ಕಂಡುಹಿಡಿಯಲು ಸಾಧ್ಯವೇ ಇಲ್ಲ' ಎಂದು ತರ್ಕದಿಂದ ತೋರಿಸಿದರು. ಆ ತರ್ಕ ಒಂದು ಒಗಟಿನಂತಿದೆ. ನಿಧಾನವಾಗಿ ಓದಿ.

ಎಂದೂ ತಪ್ಪದ ಒಬ್ಬ ಪರೀಕ್ಷಕ ಇದ್ದಾನೆ ಎನ್ನೋಣ. ಯಾವ ಪ್ರೋಗ್ರಾಂ ಕೊಟ್ಟರೂ 'ಇದು ವೈರಸ್' ಅಥವಾ 'ವೈರಸ್ ಅಲ್ಲ' ಎಂದು ಸರಿಯಾಗಿ ಹೇಳುತ್ತಾನೆ. ಈಗ ಒಬ್ಬ ತುಂಟ ಒಂದು ಪ್ರೋಗ್ರಾಂ ಬರೆದ. ಅದು ಮೊದಲು ಪರೀಕ್ಷಕನನ್ನೇ ಕೇಳುತ್ತದೆ: 'ನಾನು ವೈರಸ್ಸೇ?' ಪರೀಕ್ಷಕ 'ಹೌದು' ಎಂದರೆ ಏನೂ ಮಾಡದೆ ಸುಮ್ಮನೆ ಕೂರುತ್ತದೆ. 'ಅಲ್ಲ' ಎಂದರೆ ಹರಡತೊಡಗುತ್ತದೆ.

ಪರೀಕ್ಷಕ 'ಹೌದು' ಎಂದ. ಅದು ಹರಡಲಿಲ್ಲ. ಅಂದರೆ ಅದು ವೈರಸ್ ಅಲ್ಲ. ಪರೀಕ್ಷಕನ ಉತ್ತರ ತಪ್ಪು. ಪರೀಕ್ಷಕ 'ಅಲ್ಲ' ಎಂದ. ಅದು ಹರಡಿತು. ಅಂದರೆ ಅದು ವೈರಸ್. ಆಗಲೂ ಉತ್ತರ ತಪ್ಪು. ಯಾವ ಉತ್ತರ ಕೊಟ್ಟರೂ ತಪ್ಪೇ! ಆದ್ದರಿಂದ ಎಂದೂ ತಪ್ಪದ ಪರೀಕ್ಷಕ ಇರಲಾರ.

'ಹಾಗಾದರೆ ಆಂಟಿವೈರಸ್ ಏಕೆ ಬೇಕು?' ಎಂದು ಕೇಳುತ್ತೀರಾ? ಸೊಳ್ಳೆ ಪರದೆ ಎಲ್ಲ ಸೊಳ್ಳೆಯನ್ನೂ ತಡೆಯುವುದಿಲ್ಲ. ಆದರೂ ಪರದೆ ಕಟ್ಟುತ್ತೇವೆ. ಹಾಗೆಯೇ ಬಾಗಿಲ ಬಳಿ ನಿಂತ ನೀರನ್ನೂ ಚೆಲ್ಲುತ್ತೇವೆ. ಒಂದೇ ಉಪಾಯವನ್ನು ನಂಬಿ ಕೂರಬಾರದು ಎಂಬುದೇ ಈ ಒಗಟಿನ ಪಾಠ.

ಹೊಸ ಪುಸ್ತಕ, ಮುಚ್ಚಿದ ಕಿಂಡಿ

ಅಂದು ಆ ಶಾಲೆಯಲ್ಲಿ ಆಂಟಿವೈರಸ್ ಇತ್ತು! ಆದರೆ ಅದರ ಅವಧಿ ಮುಗಿದು ವರ್ಷವಾಗಿತ್ತು. ಕಾವಲುಗಾರ ಹಳೆಯ ಪುಸ್ತಕ ಹಿಡಿದು ಕುಳಿತಿದ್ದ. ಹೊಸ ಸಹಿಗಳನ್ನು ತರಿಸಿಕೊಳ್ಳುವುದಕ್ಕೆ 'ಅಪ್‌ಡೇಟ್' ಎನ್ನುತ್ತಾರೆ. ಅಪ್‌ಡೇಟ್ ಇಲ್ಲದ ಆಂಟಿವೈರಸ್ ಹೊಸ ವೈರಸ್ಸಿನ ಮುಂದೆ ಹೆಚ್ಚು ಕೆಲಸಕ್ಕೆ ಬಾರದು. ಈಗ ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ಆಂಟಿವೈರಸ್ ಜೊತೆಯಲ್ಲಿಯೇ ಬರುತ್ತದೆ. ಅದಕ್ಕೂ ಅಪ್‌ಡೇಟ್ ಬೇಕು. ಶಾಲೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ತಿಂಗಳಿಗೆ ಒಂದೆರಡು ಸಲವಾದರೂ ಶಿಕ್ಷಕರ ಮೊಬೈಲಿನಿಂದ ಜೋಡಿಸಿ ಅಪ್‌ಡೇಟ್ ಮಾಡಿಸಬಹುದು.

ಕಂಪ್ಯೂಟರಿನ ಮೂಲ ತಂತ್ರಾಂಶಕ್ಕೂ ಅಪ್‌ಡೇಟ್ ಬರುತ್ತದೆ. ಅದು ಗೋಡೆಯ ಕಿಂಡಿ ಮುಚ್ಚುವ ಕೆಲಸ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಕಿಂಡಿಗೆ ತೇಪೆ ಬಿಡುಗಡೆ ಮಾಡಿತು. ಹಲವರು ಹಾಕಿಕೊಳ್ಳಲಿಲ್ಲ. ಮೇ 12ರಂದು ಅದೇ ಕಿಂಡಿಯಿಂದ 'ವನ್ನಾಕ್ರೈ' ಎಂಬ ಹುಳು ನುಗ್ಗಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ತೇಪೆ ಎರಡು ತಿಂಗಳು ಮೊದಲೇ ಸಿದ್ಧವಿತ್ತು!

ಮಾಡಿ ನೋಡಿ: ಚೀಟಿ ಆಟ

ಇದಕ್ಕೆ ಕಂಪ್ಯೂಟರ್ ಬೇಡ. ಒಂದಿಷ್ಟು ಕಾಗದದ ಚೀಟಿ ಸಾಕು.

1ನೇ ಸುತ್ತು: 20 ಚೀಟಿ ಮಾಡಿ. ಪ್ರತಿಯೊಂದರಲ್ಲೂ 12 ಅಂಕಿಗಳನ್ನು ಮನಸ್ಸಿಗೆ ಬಂದಂತೆ ಬರೆಯಿರಿ. ಮೂರು ಚೀಟಿಗಳಲ್ಲಿ ಮಾತ್ರ ಎಲ್ಲಾದರೂ ಒಂದು ಕಡೆ 4719 ಎಂದು ಒಟ್ಟಾಗಿ ಬರುವಂತೆ ಬರೆಯಿರಿ. ಇವು ವೈರಸ್. ಒಬ್ಬರು ಆಂಟಿವೈರಸ್ ಆಗಲಿ. '4719 ಹುಡುಕು' ಎಂದು ಅವರಿಗೆ ಹೇಳಿ. ಮೂರನ್ನೂ ಹಿಡಿಯುತ್ತಾರೆ.

2ನೇ ಸುತ್ತು: ಆ ಮೂರರಲ್ಲಿ ಒಂದು ಚೀಟಿಯಲ್ಲಿ 4719ರ ಬದಲು 47019 ಎಂದು ತಿದ್ದಿ. ಆಂಟಿವೈರಸ್ಸಿಗೆ ಹೇಳಬೇಡಿ. ಈ ಸಲ ಎಷ್ಟು ಸಿಕ್ಕವು?

3ನೇ ಸುತ್ತು: ಈಗ 4719 ಹುಡುಕುವ ಬದಲು 4 ಅಂಕಿಯೊಂದನ್ನೇ ಹುಡುಕಲು ಹೇಳಿ. ಎಷ್ಟು ಒಳ್ಳೆಯ ಚೀಟಿಗಳು ಸಿಕ್ಕಿಬಿದ್ದವು? ಎಣಿಸಿ.

4ನೇ ಸುತ್ತು: ಬೇರೆ ಚೀಟಿಗಳಲ್ಲಿ ಆಜ್ಞೆ ಬರೆಯಿರಿ. 'ಬೋರ್ಡ್ ಒರೆಸು', 'ಒಂದು ಮಗ್ಗಿ ಹೇಳು', 'ಈ ಚೀಟಿಯನ್ನು ನೋಡಿ ಇನ್ನೊಂದು ಬರೆದು ಪಕ್ಕದವರ ಪುಸ್ತಕದಲ್ಲಿ ಇಡು'. ಚೀಟಿ ಸಿಕ್ಕವರು ಹೇಳಿದಂತೆ ಮಾಡಲಿ. ಆಂಟಿವೈರಸ್ ಚೀಟಿಯನ್ನು ಓದದೆ, ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಿಯೇ ಹಿಡಿಯಬೇಕು. ಹತ್ತು ನಿಮಿಷ ತಡೆಯದೆ ಬಿಟ್ಟರೆ ತರಗತಿಯಲ್ಲಿ ಎಷ್ಟು ಚೀಟಿಗಳಾಗುತ್ತವೆ ಎಂದೂ ನೋಡಿ!

ಆಂಟಿವೈರಸ್ ಮಾಡಲಾರದ ಕೆಲಸ

ನೀವೇ ಬಾಗಿಲು ತೆರೆದು ಒಳಗೆ ಕರೆದರೆ ಕಾವಲುಗಾರ ಹೆಚ್ಚೇನೂ ಮಾಡಲಾರ. ಇತ್ತೀಚಿನ ವರ್ಷಗಳಲ್ಲಿ ಮನೆಯ ಮೊಬೈಲಿಗೆ ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ಎಪಿಕೆ ಫೈಲ್ ಕಳಿಸಿ ಮೋಸ ಮಾಡುವವರಿದ್ದಾರೆ. ಎಪಿಕೆ ಎಂದರೆ ಚಿತ್ರವಲ್ಲ, ಪತ್ರವಲ್ಲ. ಅದು ಮೊಬೈಲಿನ ಪ್ರೋಗ್ರಾಂ. ನಿಜವಾದ ಕರೆಯೋಲೆಗೆ ಪ್ರೋಗ್ರಾಂ ಏಕೆ ಬೇಕು? ಅದನ್ನು ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿ ಸಂದೇಶಗಳನ್ನೂ ಅದು ಓದಬಹುದು. 'ನಿಮ್ಮ ಮೊಬೈಲಿನಲ್ಲಿ 5 ವೈರಸ್ ಇವೆ, ಇಲ್ಲಿ ಒತ್ತಿ' ಎಂದು ಕೂಗುವ ಜಾಹೀರಾತುಗಳೂ ಇಂಥವೇ. ಕಾವಲುಗಾರನ ವೇಷ ಹಾಕಿದ ಕಳ್ಳ! ಮನೆಯಲ್ಲಿ ಮೊಬೈಲನ್ನು ಹೆಚ್ಚು ಬಳಸುವವರು ನೀವೇ ಆಗಿದ್ದರೆ ಅಪ್ಪ ಅಮ್ಮನಿಗೆ ಇದನ್ನು ಓದಿ ಹೇಳಿ. ಹಣ ಹೋಗಿದೆ ಎಂದು ತಿಳಿದ ಕೂಡಲೇ ದೊಡ್ಡವರು 1930 ಸಂಖ್ಯೆಗೆ ಕರೆ ಮಾಡಬೇಕು. ತಡ ಮಾಡಿದಷ್ಟೂ ಹಣ ಮರಳುವ ಸಂಭವ ಕಡಿಮೆ.

ಕೈ ತೊಳೆಯುವ ಪಾಠ

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾದ ತಾಯಂದಿರು ಜ್ವರದಿಂದ ಸಾಯುತ್ತಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕಾರಣ ಹುಡುಕಿದರು. ಶವಪರೀಕ್ಷೆ ಮಾಡಿದ ವೈದ್ಯರೇ ಹಾಗೆಯೇ ಬಂದು ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ರೋಗ ಬರುತ್ತಿದ್ದದ್ದು ವಾಸಿ ಮಾಡಲು ಬಂದವರ ಕೈಯಿಂದ! ಕ್ಲೋರಿನ್ ಬೆರೆತ ದ್ರಾವಣದಲ್ಲಿ ಕೈ ತೊಳೆಯುವಂತೆ ಮಾಡಿದ ಮೇಲೆ ಸಾವು ಬಹಳ ಕಡಿಮೆಯಾಯಿತು. ಆದರೆ ಅನೇಕ ವೈದ್ಯರು 'ನಮ್ಮ ಕೈಯಿಂದಲೇ?' ಎಂದು ಒಪ್ಪಲಿಲ್ಲ.

ನನಗೆ ಆ ಹುಡುಗಿಯ ಪ್ರಶ್ನೆ ಕೇಳಿದಾಗ ಈ ಕಥೆ ನೆನಪಾಯಿತು. ಪಾಠ ಹೇಳಲು ಹೋದ ನಾನೇ ರೋಗ ಹೊತ್ತೊಯ್ದಿದ್ದೆ. 'ನನ್ನ ಪೆನ್‌ಡ್ರೈವಿನಿಂದಲೇ ಬಂತು' ಎಂದು ತರಗತಿಯ ಮುಂದೆ ಒಪ್ಪಿಕೊಂಡೆ. ಉಳಿದ ಆರು ಶಾಲೆಗಳಿಗೂ ಫೋನ್ ಮಾಡಿ 'ಶಾರ್ಟ್‌ಕಟ್ ಕಂಡರೆ ಫಾರ್ಮ್ಯಾಟ್ ಮಾಡಬೇಡಿ, ನಾನು ಬರುತ್ತೇನೆ' ಎಂದು ಹೇಳಿದೆ. ಅಲ್ಲಿ ಆಂಟಿವೈರಸ್ ಅಪ್‌ಡೇಟ್ ಮಾಡಿ ಹುಳುವನ್ನು ತೆಗೆದು, ಮರೆಮಾಡಿದ ಗುರುತನ್ನು ಅಳಿಸಿದಾಗ ಫೋಲ್ಡರುಗಳೆಲ್ಲ ಹಾಗೆಯೇ ಸಿಕ್ಕವು. ಅಂದಿನಿಂದ ನನ್ನ ಪೆನ್‌ಡ್ರೈವ್ ನನ್ನ ಕೈ ಇದ್ದಂತೆ. ಎಲ್ಲಿ ಚುಚ್ಚಿ ತೆಗೆದರೂ ಮತ್ತೊಂದು ಕಡೆ ಚುಚ್ಚುವ ಮುನ್ನ 'ತೊಳೆಯುತ್ತೇನೆ', ಅಂದರೆ ಸ್ಕ್ಯಾನ್ ಮಾಡುತ್ತೇನೆ.

ನೆನಪಿಡಿ

ಹೊರಗಿನ ಪೆನ್‌ಡ್ರೈವನ್ನು ಮೊದಲು ಸ್ಕ್ಯಾನ್ ಮಾಡಿ, ನಂತರ ತೆರೆಯಿರಿ. ಅದು ಶಿಕ್ಷಕರದಾದರೂ ಸರಿ, ಅಧಿಕಾರಿಗಳದಾದರೂ ಸರಿ!
ಆಂಟಿವೈರಸ್ಸನ್ನೂ ಮೂಲ ತಂತ್ರಾಂಶವನ್ನೂ ಅಪ್‌ಡೇಟ್ ಮಾಡಿಸಿ.
ಫೈಲುಗಳು ಕಾಣದಿದ್ದರೆ ಗಾಬರಿಯಾಗಬೇಡಿ. ಎಷ್ಟು ಜಾಗ ತುಂಬಿದೆ ಎಂದು ಮೊದಲು ನೋಡಿ.
ಮುಖ್ಯವಾದುದನ್ನು ಎರಡು ಕಡೆ ಇಡಿ. ಒಂದು ಪ್ರತಿ ಕಂಪ್ಯೂಟರಿಗೆ ಸದಾ ಜೋಡಿಸಿರದ ಕಡೆ ಇರಲಿ.

ಕೊನೆಯ ಮಾತು. ಆ ಶಾಲೆಯಲ್ಲಿ ಜೂನ್, ಜುಲೈ, ಆಗಸ್ಟ್ ತಿಂಗಳ 92 ದಿನಗಳ ಅಳತೆ ಉಳಿಯಿತು. ಯಾವ ವೈರಸ್ಸೂ ಮುಟ್ಟಲಾಗದ ಜಾಗದಲ್ಲಿ, ನೋಟ್‌ಬುಕ್ಕಿನಲ್ಲಿ, ಅದು ಇತ್ತು. ವಸ್ತುಪ್ರದರ್ಶನದಲ್ಲಿ ಮಕ್ಕಳು ಆ ಮೂರು ತಿಂಗಳ ನಕ್ಷೆ ಬರೆದು, ಮುಂದಿನ ಮೂರು ತಿಂಗಳ ಜಾಗವನ್ನು ಖಾಲಿ ಬಿಟ್ಟು, ಏಕೆ ಖಾಲಿ ಎಂದು ಕೆಳಗೆ ಬರೆದಿದ್ದರು. ಅಂಕಿಗಳನ್ನು ಊಹಿಸಿ ತುಂಬಿರಲಿಲ್ಲ. ಮುಂದಿನ ಜೂನ್ 1ರಿಂದ ಎರಡು ಕಡೆ ಬರೆಯತೊಡಗಿದರು.

ಯೋಚಿಸಿ ಉತ್ತರಿಸಿ

1. ಕಾರ್ಡು ಬಂದ ಪ್ರತಿಯೊಬ್ಬರೂ 5 ಜನ ಹೊಸಬರಿಗೆ ಬರೆದರೆ 6ನೇ ಸುತ್ತಿನಲ್ಲಿ ಬರೆದ ಕಾರ್ಡುಗಳೆಷ್ಟು?
2. ಸಹಿ 3 ಬೈಟ್ ಇದ್ದರೆ ಎಷ್ಟು ಬಗೆಗಳು ಸಾಧ್ಯ?
3. ಅನುಮಾನದ ಫೈಲನ್ನು ಆಂಟಿವೈರಸ್ ಕೂಡಲೇ ಅಳಿಸದೆ ಬೇರೆ ಇಡುವುದು ಏಕೆ?
4. ನಮ್ಮ ದೇಹದ ರೋಗನಿರೋಧಕ ಶಕ್ತಿಗೂ ಆಂಟಿವೈರಸ್ಸಿಗೂ ಇರುವ ಎರಡು ಹೋಲಿಕೆ, ಎರಡು ವ್ಯತ್ಯಾಸ ಬರೆಯಿರಿ.
5. ನಿಮ್ಮ ಶಾಲೆಯ ಕಂಪ್ಯೂಟರಿನ ಆಂಟಿವೈರಸ್ ಕೊನೆಯ ಸಲ ಅಪ್‌ಡೇಟ್ ಆದ ದಿನ ಯಾವುದು? ಶಿಕ್ಷಕರ ಜೊತೆ ಕುಳಿತು ನೋಡಿ, ಆ ದಿನಾಂಕವನ್ನು ಕಂಪ್ಯೂಟರ್ ಕೊಠಡಿಯ ಬಾಗಿಲಲ್ಲಿ ಬರೆದು ಅಂಟಿಸಿ. 'ಚಪ್ಪಲಿ ಹೊರಗೆ ಬಿಡಿ' ಫಲಕದ ಕೆಳಗೆ ಜಾಗವಿರುತ್ತದೆ.